ಎರಡು ಕುಳಿಯ ಸದ್ದು

ತೆರಕಣಾಂಬಿ
೨೮ ಜೂನ್ ೧೯೯೮

ಪ್ರೀತಿಯ ಅಣ್ಣ ಶಾಂತರಾಜುವಿಗೆ ತಂಗಿ ಚಂದ್ರಮತಿಯ ನಮಸ್ಕಾರ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾಯಿತು, ಕ್ಷಮಿಸು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಸಿಟ್ಟು ನೆತ್ತಿಗೇರಿ ಹರಿದು ಹಾಕಿದೆ. ಇವತ್ತು ಭಾನುವಾರ, ತಲೆಗೆ ಎಣ್ಣೆ ಹಚ್ಚಿಕೊಂಡು ತಣ್ಣಗೆ ಕೂತಿದ್ದೇನೆ. ಅಪ್ಪ ಚೆನ್ನಾಗಿದ್ದಾರೆ. ಕೆಮ್ಮು ಇದ್ದೇ ಇದೆ, ಬೀಡಿಯೂ ಇದ್ದೇ ಇದೆ.

ನೀನು ಬರೆದದ್ದು ಇಷ್ಟು: 'ದೆಹಲಿಯ ಓದು ಬಿಡು. ನಾನು ರಕ್ಷಣಾ ಪ್ರಯೋಗಾಲಯದಲ್ಲಿರುವವನು. ಬಡ್ತಿಗೆ ಮುಂಚೆ ಮನೆಯವರ ಪೂರ್ವಾಪರ ವಿಚಾರಿಸುತ್ತಾರೆ. ಬಾಂಬು ಬೇಡ ಅನ್ನುವ ತಂಗಿ ಇದ್ದರೆ ನನ್ನ ಗತಿ ಏನು?' ಅಲ್ಲಣ್ಣ, ಮೊದಲು ಆ ಓದು ಏನೆಂದಾದರೂ ತಿಳಿದುಕೋ. ವಿಜ್ಞಾನ, ಶಸ್ತ್ರಾಸ್ತ್ರ ನಿಯಂತ್ರಣ, ಅಂತರರಾಷ್ಟ್ರೀಯ ಭದ್ರತೆ ಅಂತ ವಿಶ್ವವಿದ್ಯಾಲಯದವರು ಹೊಸದಾಗಿ ತೆರೆದ ಒಂದು ವರ್ಷದ ತರಗತಿ. ಯಾವ ದೇಶ ನೆಲದಡಿ ಏನು ಸಿಡಿಸಿತು, ಅದು ಎಷ್ಟು ದೊಡ್ಡದು, ಅವರು ಹೇಳಿದ್ದು ನಿಜವೋ ಸುಳ್ಳೋ ಎಂದು ದೂರದಲ್ಲೇ ಕೂತು ಕಂಡುಹಿಡಿಯುವ ವಿದ್ಯೆ. ದೇಶದೇಶಗಳು ಒಪ್ಪಂದಕ್ಕೆ ಸಹಿ ಹಾಕಿದರೆ ಅದನ್ನು ಕಾಯುವವರು ಬೇಡವೇ?

ಆ ವಿದ್ಯೆ ನಮ್ಮ ಮನೆಗೇನೂ ಹೊಸದಲ್ಲ. ಪಾಕಿಸ್ತಾನವೂ ಬಾಂಬು ಸಿಡಿಸಿತು ಎಂದು ರೇಡಿಯೋ ಹೇಳಿದ ಮಾರನೆಯ ಮಧ್ಯಾಹ್ನ ಢಮ್ ಎಂದು ಪಾತ್ರೆಯೆಲ್ಲ ಅದುರಿತು. ಪಕ್ಕದ ಮನೆ ದೊಡ್ಡಮಲ್ಲಮ್ಮ ಮೊರದ ರಾಗಿ ಚೆಲ್ಲಿ, "ಅಯ್ಯೋ ಶಿವನೇ, ಹಾಕೇ ಬುಟ್ರು ಕಣಮ್ಮಿ! ಎಲ್ರೂ ಬೆಟ್ಟದ್ ಕಡೆ ಓಗನ ಬನ್ನಿ" ಎಂದು ಎರಡು ಕೋಳಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದರು. ಬೀದಿಗೆ ಬೀದಿಯೇ ಅವರ ಹಿಂದೆ ಓಡಿತು. ಅಪ್ಪ ಕರಿಕಲ್ಲು ಕ್ವಾರಿಯಲ್ಲಿ ಮೂವತ್ತು ವರ್ಷ ಬಂಡೆ ಸಿಡಿಸಲು ಕುಳಿಗೆ ಮದ್ದು ತುಂಬಿದವರಲ್ಲವೇ, ಬರಿಗಾಲು ನೆಲಕ್ಕೂರಿ ಕೂತವರು ಏಳಲೇ ಇಲ್ಲ. "ಬಾಂಬೂ ಇಲ್ಲ ಗೀಂಬೂ ಇಲ್ಲ ಕಣವ್ವ. ಬಡಗಲ ಕ್ವಾರೀಲಿ ಎರಡು ಕುಳಿ ಒಟ್ಗೇ ಹೊಡ್ದವ್ರೆ" ಅಂದರು. ನಾನು ಸೈಕಲ್ ಹತ್ತಿ ಹೋಗಿ ವಿಚಾರಿಸಿದೆ. ಮಾಲೀಕ ಒಂದೇ ಕುಳಿ ಎಂದು ಸಾಧಿಸಿದ. ಅವನ ಬೆನ್ನ ಹಿಂದಿನ ಬಂಡೆಯಲ್ಲಿ ಎರಡು ಕುಳಿಯ ಗುರುತೂ ಹಸಿಹಸಿಯಾಗಿತ್ತು. ದೆಹಲಿಯ ಸಂದರ್ಶನದಲ್ಲಿ ಇದನ್ನೇ ಹೇಳಿದೆ. ಅಲ್ಲಿದ್ದ ಮೇಷ್ಟ್ರು ಮೊದಲು ನಕ್ಕರು. ಆಮೇಲೆ ಅಂಗಾಲಿನಿಂದ ಹೇಗೆ ತಿಳಿಯುತ್ತದೆ ಎಂದು ಅರ್ಧ ಗಂಟೆ ಕೆದಕಿ ಕೆದಕಿ ಕೇಳಿದರು. ಸೀಟು ಸಿಕ್ಕಿತು.

ಗುಂಡ್ಲುಪೇಟೆಯ ನಮ್ಮ ಕಾಲೇಜಿನವರು ಮಾತ್ರ ರಜೆ ಕೊಡಲಿಲ್ಲ. ನನ್ನ ಮೇಲೆ ಒಂದು ಮೂಗರ್ಜಿ ಬಂದಿತ್ತು. 'ಭೌತಶಾಸ್ತ್ರದ ಈ ಉಪನ್ಯಾಸಕಿ ದೇಶದ್ರೋಹಿ, ಮಕ್ಕಳ ತಲೆ ಕೆಡಿಸುತ್ತಾಳೆ, ದೆಹಲಿಗೆ ಬಿಡಬೇಡಿ' ಅಂತ. ಪ್ರಾಂಶುಪಾಲರು, "ನೋಡಿ ಚಂದ್ರಮತಿ, ತಪ್ಪಾಯ್ತು ಅಂತ ಬರ್ಕೊಡಿ, ದೆಹಲಿ ಆಸೆ ಬಿಡಿ, ಕೆಲಸ ಉಳಿಸ್ಕೊಳ್ಳಿ" ಎಂದು ಬಿಳಿ ಹಾಳೆ ಮುಂದಿಟ್ಟರು. "ಯಾವ ತಪ್ಪು ಸಾರ್?" ಅಂದೆ. ಅವರಿಗೂ ಗೊತ್ತಿರಲಿಲ್ಲ. ಅದೇ ಹಾಳೆಯಲ್ಲಿ ರಾಜೀನಾಮೆ ಬರೆದುಕೊಟ್ಟು ಎದ್ದು ಬಂದೆ. ಆರು ವರ್ಷದ ಕೆಲಸ ಅಣ್ಣ, ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಊರು ಬರುವಷ್ಟರಲ್ಲಿ ಅಳು ಮುಗಿದು ಹಸಿವು ಶುರುವಾಗಿತ್ತು.

ಅಪ್ಪನಿಗೆ ಹೇಳಿದರೆ, "ಮಾಡ್ಬುಟ್ಟೆ ಅಲ್ವಾ, ಇನ್ನೇನ್ ಯೋಚ್ನೆ? ಓಗಿ ಓದು" ಅಂದು ಬೀಡಿ ಹಚ್ಚಿದರು. ಜುಲೈ ಒಂಬತ್ತಕ್ಕೆ ಮೈಸೂರಿನಿಂದ ರೈಲು ಹತ್ತುತ್ತೇನೆ. ನಿನ್ನ ಬಡ್ತಿಗೆ ಯಾರಾದರೂ ವಿಚಾರಣೆಗೆ ಬಂದರೆ ನನ್ನ ಹತ್ತಿರ ಕಳಿಸು, ನಾನೇ ಮಾತಾಡುತ್ತೇನೆ. ದೇಶವನ್ನು ನಿನಗೊಬ್ಬನಿಗೇ ಬರೆದುಕೊಟ್ಟಿಲ್ಲ, ನನ್ನದೂ ಹೌದು.

ಅಪ್ಪ ನಿಮ್ಮೆಲ್ಲರಿಗೂ ಆಶೀರ್ವಾದ ಹೇಳಿದ್ದಾರೆ. ಅತ್ತಿಗೆಗೆ ನನ್ನ ನಮಸ್ಕಾರ, ಪುಟ್ಟಿಗೆ ಮುತ್ತು. ನೀನೂ ಚೆನ್ನಾಗಿರು, ಬಡ್ತಿಯೂ ಸಿಗಲಿ.

ಇತಿ ನಿನ್ನ ತಂಗಿ,
ಚಂದ್ರಮತಿ

ತಾ.ಕ.: ಆ ಮೂಗರ್ಜಿಯನ್ನು ಪ್ರಾಂಶುಪಾಲರು ನನಗೆ ತೋರಿಸಿದರು. "ಯಾರ ಅಕ್ಷರ, ಗೊತ್ತಾಗುತ್ತಾ?" ಎಂದು ಕೇಳಿದರು. ಅಮ್ಮ ತೀರಿಕೊಂಡ ವರ್ಷ ನನ್ನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದವನ ಅಕ್ಷರ ನನಗೆ ಗೊತ್ತಾಗದೆ ಇರುತ್ತದೆಯೇ ಅಣ್ಣ? "ಗೊತ್ತಿಲ್ಲ ಸಾರ್" ಅಂದೆ. ಅಪ್ಪನಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅದನ್ನು ನೀನೇ ಬಂದು ಹೇಳು.