ಕೊಲೆಗಾರನ ಹುಟ್ಟುಹಬ್ಬಕ್ಕೆ ನಮಗೇಕೆ ಅಭಿನಂದನೆ?

ನಗರಸಭೆಯ ಪರಂಪರೆ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮೂರ ಗುಮ್ಮಟದ ಸೆರೆಮನೆಯನ್ನು ತಾವು ಮ್ಯೂಸಿಯಂ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಒಬ್ಬ ಯುದ್ಧಾಪರಾಧಿಯ ಹುಟ್ಟುಹಬ್ಬ ಆಚರಿಸಲು ಹೊರಟಿದ್ದೀರಲ್ಲ, ಅದಕ್ಕೆ ಇದೆ. ಶನಿವಾರ ತಾವು ಬಾಗಿಲು ತೆರೆಯುವ ಮೊದಲೇ ಹೇಳಿಬಿಡುತ್ತೇನೆ.

ಚರಿತ್ರೆ ತಮಗೆ ಗೊತ್ತಿಲ್ಲವೆನ್ನುವ ಧಾರ್ಷ್ಟ್ಯ ನನಗಿಲ್ಲ. ತಾವೇ ಗೋಡೆಯ ಮೇಲೆ ಬರೆಸಿದ್ದೀರಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ನಮ್ಮ ನೆದರ್ಲೆಂಡ್ಸನ್ನು ಆಳಿದ ಕಾಲದಲ್ಲಿ ಅವರಿಗೆ ಎದುರುನಿಂತವರನ್ನು ಆ ಕೋಣೆಗಳಲ್ಲಿ ಕೂಡಿಹಾಕಿದರು. ಯುದ್ಧ ಮುಗಿದ ಮೇಲೆ, ಹಾಗೆ ಕೂಡಿಹಾಕಿದ ಜರ್ಮನರನ್ನೇ ಅಲ್ಲಿ ಕೂಡಿಹಾಕಿದರು. ಅವರಲ್ಲೊಬ್ಬನಿಗೆ ಮೊದಲು ಮರಣದಂಡನೆ ಎಂದರು, ಆಮೇಲೆ ಜೀವಾವಧಿ ಸಾಕು ಎಂದರು. ಆತ ಅಲ್ಲೇ ಮುದುಕನಾದ. ಕಾವಲುಗಾರರು ಬದಲಾದರು, ಹೊಸಬರಿಗೆ ಆತ ಬರೀ ಒಬ್ಬ ಅಜ್ಜ. ವರ್ಷಕ್ಕೊಮ್ಮೆ ಅವನ ಹುಟ್ಟುಹಬ್ಬಕ್ಕೆ ದುಂಡಗೆ ಕುರ್ಚಿ ಹಾಕಿ, ಕಾಫಿ ಕುಡಿದು, ಕೇಕ್ ತಿಂದರು. ಹೀಗೂ ನಡೆಯಿತು ಎಂದು ಹೇಳುವುದು ಚರಿತ್ರೆ, ಒಪ್ಪಿದೆ. ಆದರೆ ಆ ಕುರ್ಚಿಗಳನ್ನು ಮತ್ತೆ ಹಾಕಿ, ಬಂದವರಿಗೆಲ್ಲ ಕೇಕ್ ಹಂಚುವುದಕ್ಕೆ ಏನೆನ್ನಬೇಕು? ಪರಂಪರೆಯೆನ್ನೋಣವೇ, ಬೇಕರಿಯೆನ್ನೋಣವೇ?

ಕಳೆದ ವಾರ ತಾವು ನೆರೆಹೊರೆಯವರನ್ನು ಮುಂಚಿತವಾಗಿ ಒಳಗೆ ಬಿಟ್ಟಾಗ ಚಿಕ್ಕಮ್ಮ ತ್ರೂಸ್‌ಳನ್ನು ಕರೆದೊಯ್ದೆ. ತೊಂಬತ್ತು ದಾಟಿದ ಜೀವ. ಅವಳ ಅಣ್ಣ ಲಂಬರ್ಟನನ್ನು ಅಲ್ಲಿ ಇಟ್ಟು, ಒಂದು ದಿನ ಬೆಳಗ್ಗೆ ಹೊರಗೊಯ್ದು ಗುಂಡಿಕ್ಕಲು ಆಜ್ಞೆ ಕೊಟ್ಟವನು ಇದೇ ಅಜ್ಜ. ಅಣ್ಣನಿದ್ದ ಕೋಣೆಯನ್ನು ಒಮ್ಮೆ ನೋಡಬೇಕೆಂಬುದು ಅವಳ ಆಸೆ.

ನಮ್ಮ ಡಚ್ಚರ ರೂಢಿ ತಮಗೆ ಹೇಳಬೇಕೇ? ಹುಟ್ಟುಹಬ್ಬ ಒಬ್ಬನದಾದರೂ ಅಭಿನಂದನೆ ಮನೆತುಂಬ: ಅವನ ತಾಯಿಗೆ, ಭಾವಮೈದುನನಿಗೆ, ಪಕ್ಕದ ಮನೆಯವನಿಗೆ, ಮುಂಗಾಲು ಚಾಚಿದರೆ ನಾಯಿಗೂ. ತಮ್ಮ ಮಾರ್ಗದರ್ಶಿ ಹುಡುಗಿ ನಗುನಗುತ್ತಾ ಚಿಕ್ಕಮ್ಮನ ಕೈ ಕುಲುಕಿದಳು.

“ಅಭಿನಂದನೆಗಳು ಅಜ್ಜಿ! ಬನ್ನಿ, ಕೂತ್ಕೊಳ್ಳಿ.”

“ನಿಂಗೂ ಅಭಿನಂದನೆ ಕಣಮ್ಮಾ,” ಎಂದಳು ಚಿಕ್ಕಮ್ಮ. ಜನ್ಮದ ಅಭ್ಯಾಸ, ನಾಲಗೆ ಅಪ್ಪಣೆ ಕೇಳಿ ಹೊರಳುವುದಿಲ್ಲ. ಕೇಕಿನ ತಟ್ಟೆ ಕೈಗೆ ಬಂದ ಮೇಲೆ ಕೇಳಿದಳು: “ಅಂದಹಾಗೆ, ಯಾರ್ದು ಹುಟ್ಟುಹಬ್ಬ?”

ಹುಡುಗಿ ಆತನ ಹೆಸರು ಹೇಳಿದಳು.

ಚಿಕ್ಕಮ್ಮ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಹೊರಟುಬಿಟ್ಟಳು. ಅಣ್ಣನ ಕೋಣೆ ನೋಡಲಿಲ್ಲ. ಕಾರಿನಲ್ಲಿ ಕೇಳಿದಳು, “ರೀನ್, ನಾನು ಅಂದೇಬಿಟ್ನಲ್ಲೋ?”

“ನೀನೇನು ಬೇಕಂತ ಅಂದ್ಯಾ? ಬಿಡು ಚಿಕ್ಕಮ್ಮಾ.”

“ನೀನು ಬಿಡ್ತೀಯಪ್ಪ, ನಮ್ಮಣ್ಣನ್ನ ಕಂಡಿದ್ರೆ ತಾನೇ! ನಾನು ಲಂಬರ್ಟ್‌ಗೆ ಏನಂತ ಹೇಳ್ಲಿ?”

ಅವಳನ್ನು ಮನೆಗೆ ಬಿಟ್ಟೆ. ತಮ್ಮ ಕಚೇರಿಗೆ ಹೋಗಿ, ಹೀಗೇಕೆಂದು ಕೇಳಿದೆ. “ಜನಕ್ಕೆ ಸ್ವಲ್ಪ ಇರಿಸುಮುರಿಸು ಆಗ್ಲಿ ಅಂತಾನೇ ಮಾಡಿರೋದು ಸಾರ್,” ಎಂದರು ಅಲ್ಲಿನ ಸಿಬ್ಬಂದಿ. ಮಾನ್ಯರೇ, ಇರಿಸುಮುರಿಸಿಗೆ ಬರಗಾಲವೆಂದು ನಮ್ಮ ಮನೆಯಿಂದ ಯಾರಾದರೂ ತಮಗೆ ಅರ್ಜಿ ಹಾಕಿದ್ದರೇ?

ಆದಕಾರಣ ಶನಿವಾರದೊಳಗೆ ಆ ಕುರ್ಚಿಗಳನ್ನು ತೆಗೆಸಿ, ಕೇಕ್ ನಿಲ್ಲಿಸಿ. ನಡೆದದ್ದು ಗೋಡೆಯ ಮೇಲಿರಲಿ. ಜನ ನಿಂತು ಓದಲಿ. ಇಲ್ಲವಾದರೆ ಚಿಕ್ಕಮ್ಮ ದಿನವೂ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುವುದಾಗಿ ಹೇಳಿದ್ದಾಳೆ. ಅಭಿನಂದಿಸಲು ಚಾಚಿದ ಕೈಯನ್ನು ಹಿಡಿದುಕೊಂಡರೆ ಲಂಬರ್ಟನ ಕಥೆ ಮುಗಿಯುವವರೆಗೂ ಬಿಡುವುದಿಲ್ಲವಂತೆ. ಅವಳು ಚುಟುಕಾಗಿ ಹೇಳುವವಳಲ್ಲ.

ಇಂತಿ,
ಕೊಟ್ಟ ಕೇಕನ್ನು ಬೇಡವೆನ್ನಲು ಇನ್ನೂ ಕಲಿಯದ ಊರಿನವನು,
ರೀನ್ ಲಾರ್ಹೋವೆನ್