ಗುನ್ವೋರ್ ತೆಗೆಸಿದ ರೈಲು

ಮೇ 12, ಸೋಮವಾರ
ಇವತ್ತೂ ರೈಲು ಬಂತು. ಗುನ್ವೋರ್ ಕೈಯಿಂದ. ಕಂಪ್ಯೂಟರಲ್ಲಿ ಫೈಲುಗಳ ಪಟ್ಟಿ ನೋಡೋಕೆ ಎರಡೇ ಅಕ್ಷರ ಒತ್ತಬೇಕು. ಅವು ಹಿಂದುಮುಂದಾದರೆ ಗೆರೆ, ಚುಕ್ಕೆಗಳಲ್ಲೇ ಕಟ್ಟಿದ ಉಗಿಬಂಡಿ ಪರದೆಯ ಆ ತುದಿಯಿಂದ ಈ ತುದಿಗೆ. ಪೂರ್ತಿ ದಾಟೋ ತನಕ ನಿಲ್ಲಲ್ಲ. ನಮ್ಮ ಜೊತೆ ಕೆಲಸ ಮಾಡೋ ಐವಿಂಡ್ ತಮಾಷೆಗೆ ಹಾಕಿದ್ದು. ಇಂಥದ್ದು ಇಲ್ಲಿ ಇರಬಾರದು, ಗೊತ್ತು. ಆದರೆ ಅಣೆಕಟ್ಟಿನ ಗೇಟು ಕಾಯೋ ಕಂಟ್ರೋಲ್ ರೂಮಲ್ಲಿ ನಗೋಕೆ ಬೇರೇನಿದೆ?
"ಟಿಕೆಟ್ ತಗೊಂಡ್ಯಾ, ಗುನ್ವೋರ್?" ಅಂದ ಐವಿಂಡ್.
"ಮುಂದಿನ ಸ್ಟೇಷನ್ನಲ್ಲಿ ನಿನ್ನನ್ನೇ ಇಳಿಸ್ತೀನಿ ಇರು."
ಬಾಸ್ ಆದರೂ ನಕ್ಕಳು.

ಮೇ 20, ಊಟದ ಹೊತ್ತು
ವಿಚಿತ್ರ. ಮೂವರೂ ಮೇಜಿನ ಹತ್ತಿರ ಬ್ರೆಡ್ಡು, ಕಂದು ಚೀಸು ತಿಂತಿದ್ವಿ. ಪರದೆ ಮೇಲೆ ರೈಲು. ಕೀಬೋರ್ಡ್ ಮುಟ್ಟಿದವರಿಲ್ಲ.
"ನಿನ್ನ ಆಟ ತಾನೇ?" ಗುನ್ವೋರ್ ಕೇಳಿದಳು.
"ನನ್ನ ಕೈಯಲ್ಲಿ ಬ್ರೆಡ್ಡಿದೆ, ನೋಡು." ಐವಿಂಡ್ ನಗಲಿಲ್ಲ. "ಹೊರಗಿಂದ ಯಾರೋ ನಮ್ಮ ಕಂಪ್ಯೂಟರ್ ಒಳಗೆ ಬಂದಿದಾರೆ. ಅವರ ಬೆರಳೂ ತಪ್ಪಿದೆ, ಅಷ್ಟೇ. ಬೇರೇನು ಟೈಪ್ ಮಾಡಿದ್ರೂ ತಕ್ಷಣ ಅಳಿಸಬಹುದು. ಈ ರೈಲನ್ನ ಅಳಿಸೋಕಾಗಲ್ಲ."
ತಿಂತಿದ್ದ ಬ್ರೆಡ್ಡು ಕೆಳಗಿಟ್ಟೆ.

ಮೇ 21
ಹೊರಗಿನ ಸಂಪರ್ಕ ಕಿತ್ತುಬಿಡೋಣ ಅಂದ ಐವಿಂಡ್. ನಾನೂ ಅದನ್ನೇ ಹೇಳಿದೆ. ಗುನ್ವೋರ್ ಓಸ್ಲೊದ ಹೆಡ್ ಆಫೀಸಿಗೆ ಫೋನ್ ಮಾಡಿದಳು. ಕಿತ್ತರೆ ಅವರಿಗೆ ಅಲ್ಲಿಂದ ಗೇಟು ಕಾಣಲ್ಲವಂತೆ. ತಪ್ಪೆಲ್ಲ ಆ ಆಟಿಕೆ ರೈಲಿನದೇ, ಮೊದಲು ಅದನ್ನ ತೆಗೀರಿ ಅಂದರಂತೆ.
ತೆಗೆಸಿದಳು. ಐವಿಂಡ್‌ನನ್ನ ರಜೆ ಮೇಲೆ ಮನೆಗೆ ಕಳಿಸಿದಳು.
ಅವನು ಜಾಕೆಟ್ ಹಾಕ್ಕೊಳ್ತಾ, "ಬಾಗಿಲಿಗೆ ಕಟ್ಟಿದ್ದ ಗಂಟೆ ಬಿಚ್ಚಿಸ್ತಿದೀಯ, ಗುನ್ವೋರ್."


ಮೇ 29
ಪರದೆ ಶಾಂತ. ಅದಕ್ಕೇ ಭಯ.

ಜೂನ್ 3

ಬೆಳಿಗ್ಗೆ ಕಾಫಿ ಸುರೀತಿದ್ದೆ. ನೆಲ ಗುಂಯ್ ಅಂತು. ಪರದೆಯಲ್ಲಿ ಎಲ್ಲ ಗೇಟೂ 'ಮುಚ್ಚಿದೆ'. ಕಿಟಕಿಯಿಂದ ನೋಡಿದರೆ ಎರಡನೇ ಗೇಟು ಎದ್ದಿದೆ, ಕೆಳಗೆ ಬೆಳ್ಳಗೆ ನೀರು. ಸೈರನ್ ಒತ್ತಿದೆ. ಮುಚ್ಚೋ ಬಟನ್ ಕೆಲಸ ಮಾಡಲಿಲ್ಲ. ಗುನ್ವೋರ್ ಮೋಟರಿನ ಕರೆಂಟು ತೆಗೆದಳು. ಇಬ್ಬರೂ ಕೆಳಗೆ ಓಡಿ ಕೈಚಕ್ರ ತಿರುಗಿಸಿದ್ವಿ. ಅವಳ ಅಂಗೈ ಸುಲಿದುಹೋಯ್ತು, ಬಿಡಲಿಲ್ಲ. ಗೇಟು ಅರ್ಧ ಇಳಿದಾಗ ಅವಳು ಆಡಿದ್ದು ಒಂದೇ ಮಾತು—
"ಹಾಲ್ವೋರ್ ಕೆಳಗೆ ಹೊಳೇಲಿ ಸಾಲ್ಮನ್ ಮೀನು ಹಿಡಿಯೋಕೆ ಹೋಗಿದಾನೆ."
ಅವಳ ಗಂಡ.

ಮಧ್ಯಾಹ್ನ ಮೂರು ಗಂಟೆ
ಗೇಟು ಮುಚ್ಚಿದೆ. ಈ ಸಲ ಕಣ್ಣಾರೆ ನೋಡಿ ಬರೀತಿದೀನಿ. ಓಸ್ಲೊದವರನ್ನ ಕೇಳದೆ ಗುನ್ವೋರ್ ಸಂಪರ್ಕದ ಕೇಬಲ್ ತಾನೇ ಕಿತ್ತುಹಾಕಿದಳು. ಸೈರನ್ ಕೇಳಿ ಹೊಳೇಲಿದ್ದ ಉಳಿದವರೆಲ್ಲ ದಡ ಹತ್ತಿದ್ದಾರೆ. ಹಾಲ್ವೋರನ ಕಾರು ಸಿಕ್ಕಿದೆ. ಅವನಿಲ್ಲ. ಐವಿಂಡ್ ಹುಡುಕೋ ದೋಣಿಯಲ್ಲಿದ್ದಾನೆ, ಯಾರೂ ಕರೆದಿರಲಿಲ್ಲ.
ಗುನ್ವೋರ್ ಎದುರಿಗೆ ಕೂತಿದ್ದಾಳೆ. ಒದ್ದೆ ಕೋಟು ಹಾಗೇ ಇದೆ. ಫೋನನ್ನ ನನ್ನ ಕಡೆ ತಳ್ಳಿದಳು.
"ನೀನೇ ತಗೋ, ತುರೀಡ್. ಮೊದಲು ನೀನು ಕೇಳು."
ಹೊಡ್ಕೊಳ್ತಿದೆ. ಐವಿಂಡ್ ನಂಬರ್. ಅವಳು ನನ್ನ ಮುಖವನ್ನೇ ನೋಡ್ತಿದ್ದಾಳೆ—