ಮೇಜಿನ ಕೆಳಗೆ ಸಿಕ್ಕ ರಬ್ಬರ್ ಉಂಗುರ

ನವೆಂಬರ್ ೧೨, ಬುಧವಾರ

ಬೆಳಿಗ್ಗೆ ಕಸ ಗುಡಿಸುವಾಗ ಮೇಜಿನ ಕೆಳಗೆ ಒಂದು ಕಪ್ಪು ರಬ್ಬರ್ ಉಂಗುರ ಸಿಕ್ಕಿತು. ಹೊಚ್ಚ ಹೊಸದು. ನಿನ್ನೆ ಅಪ್ಪ ಅಣ್ಣನ ಬೈಕಿನ ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಕ್ಯಾಲಿಪರ್ ಬಿಚ್ಚಿ, ಪಿಸ್ಟನ್ ಉಜ್ಜಿ, ಎಣ್ಣೆ ತಡೆಯುವ ಇಂಥವೇ ರಬ್ಬರ್ ಸೀಲ್ ಬದಲಿಸಿದ್ದು ಅದೇ ಮೇಜಿನ ಮೇಲೆ. ಪೊಟ್ಟಣದಲ್ಲಿ ನಾಲ್ಕು ಸೀಲ್ ಇದ್ದವು, ನಾಲ್ಕೂ ಬೇಕಿತ್ತು. ಅಂದರೆ ಸೋರುತ್ತಿದ್ದ ಹಳೆಯದೊಂದು ಒಳಗೇ ಕೂತಿದೆ; ಎಣ್ಣೆ ಸೋರಿದರೆ ಬ್ರೇಕ್ ಹಿಡಿಯುವುದಿಲ್ಲ.

ತೋರಿಸಿದೆ. ಅಪ್ಪ ಅದನ್ನು ನೋಡಲಿಲ್ಲ, ಬೆರಳಲ್ಲಿ ಸವರಿದರು. "ಅಂಗಡಿಯವನು ಒಂದು ಜಾಸ್ತಿ ಹಾಕಿದ್ದಾನೆ ಕಣಮ್ಮ. ಮೂವತ್ತು ವರ್ಷ ಗ್ಯಾರೇಜಲ್ಲಿ ಸವೆದವನಿಗೆ ನೀನು ಪಾಠ ಹೇಳ್ತೀಯಾ?"

ಅಣ್ಣ ನಕ್ಕ. "ಪದ್ಯದಲ್ಲಿ ಪ್ರಾಸ ತಪ್ಪಿದ್ರೆ ಹೇಳು ತಾಯಿ. ಬ್ರೇಕ್ ಅಪ್ಪನಿಗೆ ಬಿಡು."

ಉಂಗುರ ವಾಪಸ್ ಇಸಿದುಕೊಂಡು ಒಳಗೆ ಬಂದೆ. ಯಾವಾಗಲೂ ಹೀಗೇ.

ಅಪ್ಪ ಒಂದು ತಿಂಗಳಿಂದ ಪತ್ರಿಕೆಯನ್ನು ನನ್ನ ಕೈಲಿ ಓದಿಸುತ್ತಾರೆ. ಕನ್ನಡಕ ಸಿಗುತ್ತಿಲ್ಲವಂತೆ. ಕನ್ನಡಕ ಮೂಗಿನ ಮೇಲೇ ಇರುತ್ತದೆ. ಅವರ ಕಣ್ಣು ಮಂಜಾಗಿರುವುದನ್ನು ಅಣ್ಣನಿಗೆ ಹೇಳಿದರೆ ಅಪ್ಪ ಇನ್ನು ಸ್ಪ್ಯಾನರ್ ಮುಟ್ಟುವುದಿಲ್ಲ. ಹೇಳದಿದ್ದರೆ, ಇವತ್ತಿನ ರಜೆ ಮುಗಿಸಿ ನಾಳೆ ಎಂಟಕ್ಕೆ ಅಣ್ಣ ಆ ಬೈಕಿನಲ್ಲೇ ಇಳಿಜಾರು ಇಳಿದು ಕೆಲಸಕ್ಕೆ ಹೋಗುತ್ತಾನೆ. ಇಡೀ ದಿನ ಉಂಗುರವನ್ನು ಹೆಬ್ಬೆರಳಿಗೆ ಹಾಕುವುದು, ತೆಗೆಯುವುದು, ಇಷ್ಟೇ ಆಯಿತು ನನ್ನಿಂದ. ಅಳು ಬರುತ್ತದೆ, ಬರುವುದೂ ಇಲ್ಲ.

ಬೈಕಿನ ಕೀ ಈಗ ನನ್ನ ದಿಂಬಿನ ಕೆಳಗಿದೆ. ಐದೂವರೆಗೆ ಅಪ್ಪನನ್ನು ಎಬ್ಬಿಸಿ, "ಆ ಕೆಲಸ ನಂಗೂ ಕಲಿಸಿಕೊಡಿ, ಒಂದ್ಸಲ ಬಿಚ್ಚಿ ತೋರಿಸಿ" ಎನ್ನುತ್ತೇನೆ. ಸೀಲ್ ನಾನೇ ಕೂರಿಸುತ್ತೇನೆ. ಆಗಲ್ಲ ಎಂದರೆ ಕೀ ಕೊಡುವುದಿಲ್ಲ, ಯಾರು ಎಷ್ಟು ಬೈದರೂ.